ಐದು ವರ್ಷ ಒಣಗಿದ ಮಹಾಲಸೆ

ಈ ಕಥೆಯಲ್ಲಿ ಗುರು ದೋಣಿ ನಡೆಸುವ ಬೊಮ್ಮ ತಾಂಡೇಲರು, ಶಿಷ್ಯ ನಾನು, ಜಟ್ಟಿ. ನದಿ ಯಾವುದೆಂದು ಕೇಳಬೇಡಿ. ನನ್ನನ್ನು ಕಂಡರೆ ಅದೇ ಗುರುತು ಹಿಡಿಯುತ್ತದೆ.

ಮಹಾಲಸೆ ಎಂದರೆ ಮರದ ಹೊಟ್ಟೆಯ ಉಗಿದೋಣಿ. ಹಂಚು ತುಂಬಿದ ಹನ್ನೆರಡು ಮಂಜಿ ದೋಣಿಗಳನ್ನು ಒಂದೇ ಹಗ್ಗದಲ್ಲಿ, ನದಿ ಕಡಲು ಸೇರುವ ಅಳಿವೆಗೆ ಎಳೆಯುತ್ತಿತ್ತು. ಒಮ್ಮೆ ಹಗ್ಗ ಸಿಕ್ಕಿಕೊಂಡು, ನದಿ ನಡುವಿನ ಕುದುರನ್ನೇ ತೆಂಗಿನಮರ ಸಮೇತ ನಾಲ್ಕು ಮಾರು ಎಳೆದಿತ್ತು. ನಂಬದವರು ಹೋಗಿ ನೋಡಿ, ಕುದುರು ಇವತ್ತಿಗೂ ವಾರೆಯಾಗಿಯೇ ಇದೆ.

ಸೇತುವೆಯಾಯಿತು, ಲಾರಿ ಬಂತು. ಮಹಾಲಸೆಗೆ ಕೆಲಸ ಹೋಯಿತು.

ನಾನು ಅದನ್ನು ದಡಕ್ಕೆ ಹತ್ತಿಸಿ ಮೇಲೆ ತೆಂಗಿನ ಮಡಲಿನ ಚಪ್ಪರ ಕಟ್ಟಿದೆ. ಐದು ವರ್ಷ ಎಣ್ಣೆ ಹಚ್ಚಿದೆ, ಬಣ್ಣ ಬಳಿದೆ. ಹಿತ್ತಾಳೆಯನ್ನು ತಿಕ್ಕಿ ತಿಕ್ಕಿ ಅದರಲ್ಲಿ ಮುಖ ನೋಡಿ ಮೀಸೆ ಕತ್ತರಿಸಿಕೊಳ್ಳುತ್ತಿದ್ದೆ.

ಆಗ ಬಂದರಿನ ಸಾಹೇಬರು ಬಂದು ಹೇಳಿದರು: "ಅಮಾವಾಸ್ಯೆಯ ಉಬ್ಬರಕ್ಕೆ ಇದು ತಾನೇ ಓಡಿ ಒಂದು ಮಂಜಿ ಎಳೆದರೆ ಉಳಿಸುತ್ತೇವೆ. ಇಲ್ಲದಿದ್ದರೆ ಒಡೆಸುತ್ತೇವೆ."

ಎಂಟು ದಿನ ಉಳಿದಿತ್ತು. ನಾನು ಗುರುಗಳನ್ನು ಕರೆತಂದೆ.

ಅವರು ದೋಣಿಯನ್ನು ಒಂದು ಸುತ್ತು ಬಂದರು.

"ಇದು ನೀರು ಕಂಡು ಎಷ್ಟು ಕಾಲವಾಯಿತು?"

"ಐದು ವರ್ಷ, ತಾಂಡೇಲರೇ. ಒಂದು ಹನಿ ತಾಗಿಸಿಲ್ಲ."

ಗುರುಗಳು ಕಸಬರಿಕೆಯಿಂದ ಒಂದು ಕಡ್ಡಿ ಕಿತ್ತು ಎರಡು ಹಲಗೆಗಳ ನಡುವೆ ತೂರಿಸಿದರು. ಕಡ್ಡಿ ಪೂರ್ತಿ ಒಳಗೆ ಹೋಯಿತು.

"ಎಲ್ಲಿ ಹೋಯಿತು, ತಮ್ಮಾ?"

ನಾನು ಬಗ್ಗಿ ಸಂದಿಗೆ ಕಣ್ಣಿಟ್ಟೆ.

"ಸಂದಿಗೆ ಹತ್ತಿ, ರಾಳ ಗಿಡಿಯುತ್ತೇನೆ. ಎರಡು ದಿನ ಸಾಕು," ಎಂದೆ.

"ಒಣಮರಕ್ಕೆ ಬಿಗಿಯಾಗಿ ಗಿಡಿದರೆ, ನೀರಿಗೆ ಬಿದ್ದು ಊದಿದಾಗ ಹಲಗೆಯೇ ಸಿಡಿಯುತ್ತದೆ."

"ಮತ್ತೇನು ಮಾಡಲಿ?"

"ಮುಳುಗಿಸು."

ಮೂವತ್ತು ಜನ ತಳ್ಳಬೇಕಾದ ದೋಣಿ. ಹತ್ತು ಜನ ಮತ್ತು ನಾನು ತಳ್ಳಿದೆವು. ಗುರುಗಳು ಕೋಲಿನಿಂದ ಆಳ ನೋಡಿ, ಕೆಸರಿನ ಮೂಲೆಯೊಂದಕ್ಕೆ ತಂದು ನಿಲ್ಲಿಸಿದರು.

ಹಲಗೆ ಹಲಗೆಯ ನಡುವಿನಿಂದ ನೀರು ನುಗ್ಗಿತು. ನಾನು ಬಾಲ್ದಿ ಹಿಡಿದು ಎತ್ತಿ ಹೊಯ್ಯತೊಡಗಿದೆ. ಗುರುಗಳು ಬಾಲ್ದಿ ಕಸಿದು, ಬೋರಲು ಹಾಕಿ, ಅದರ ಮೇಲೆ ಕೂತರು.

"ತಾಂಡೇಲರೇ, ದೋಣಿ ಹೋಗುತ್ತದೆ."

"ಕೂತುಕೋ."

ನೀರು ಬಾಯ್ಲರಿನ ಪಾದದವರೆಗೆ ಬಂತು. ತಳ ಕೆಸರಿಗೆ ಕೂತಿತು. ನನ್ನ ಐದು ವರ್ಷದ ಬಣ್ಣ ಕಾಣದಾಯಿತು.

ಮೀನು ಮಾರಲು ಹೊರಟ ನಾಗಮ್ಮ ದಡದಿಂದ ಕೂಗಿದಳು: "ಜಟ್ಟಣ್ಣಾ, ಅಷ್ಟು ಬಣ್ಣ ಬಳಿದದ್ದು ಏಡಿಗಳಿಗೆ ತೋರಿಸಲಿಕ್ಕೋ?"

ಒಂದು ದಿನ ಹೋಯಿತು. ಎರಡು ದಿನ ಹೋಯಿತು. ಐದನೆಯ ದಿನ ಸಾಹೇಬರ ಜವಾನ ಬಂದು, ಒಡೆಯುವವರಿಗೆ ಹೇಳಿ ಕಳಿಸಿದ್ದಾಗಿದೆ ಎಂದ.

"ಇವತ್ತಾದರೂ ಎತ್ತೋಣವೇ?" ಎಂದು ಗುರುಗಳನ್ನು ಕೇಳಿದೆ.

"ಮರವನ್ನು ಕೇಳು."

ನೀರಿಗಿಳಿದು ಹಲಗೆಗಳ ಸಂದಿಗೆ ಉಗುರು ಹಾಕಿದೆ. ಉಗುರು ಇನ್ನೂ ಹೋಗುತ್ತಿತ್ತು. ಬಂದು ಗುರುಗಳ ಪಕ್ಕ ಕೂತೆ. ಮೊಸಳೆಯ ಬಾಯಿಂದ ಹಗ್ಗ ಬಿಡಿಸಿಕೊಂಡವ ನಾನು. ಆದರೆ ಆ ಕೂರುವಿಕೆಯಷ್ಟು ಕಷ್ಟದ ಕೆಲಸ ಮಾಡಿಲ್ಲ.

ಏಳನೆಯ ಬೆಳಿಗ್ಗೆ ಇಳಿದು ನೋಡಿದೆ. ಉಗುರು ಹೋಗಲಿಲ್ಲ. ಸಂದಿ ಎಲ್ಲಿ ಎಂದೇ ಗೊತ್ತಾಗಲಿಲ್ಲ.

ಗುರುಗಳು ಬಾಲ್ದಿಯಿಂದ ಎದ್ದು ಅದನ್ನು ನನ್ನ ಕೈಗಿತ್ತರು.

ಸಂಜೆಯವರೆಗೆ ನೀರು ಎತ್ತಿ ಹೊಯ್ದೆ. ನದಿ ಎರಡು ಗೇಣು ಏರಿತು ಎಂದು ಜನ ಹೇಳಿದರು, ನಾನಲ್ಲ. ಖಾಲಿಯಾದ ಹೊಟ್ಟೆಗೆ ಮತ್ತೆ ನೀರು ಬರಲಿಲ್ಲ. ಮಹಾಲಸೆ ಕೆಸರು ಬಿಟ್ಟು ತೇಲಿತು.

ಅಮಾವಾಸ್ಯೆಯ ಉಬ್ಬರಕ್ಕೆ ಬಾಯ್ಲರಿಗೆ ಬೆಂಕಿ ಹಾಕಿದೆವು. ಹಂಚಿನ ಮಂಜಿಯೊಂದು ಹಿಂದಿನಿಂದ ಕರುವಿನ ಹಾಗೆ ಬಂತು.

ಸಾಹೇಬರು ದಡದಲ್ಲಿ ಕೈ ಮುಗಿದರು. "ಇದಕ್ಕೊಂದು ಕಟ್ಟಡ ಕಟ್ಟಿಸುತ್ತೇವೆ. ಕಾಂಕ್ರೀಟಿನ ಸೂರು, ಸುತ್ತ ಗಾಜು. ಮಳೆಯಿಲ್ಲ, ಬಿಸಿಲಿಲ್ಲ."

ನನ್ನ ಎದೆ ಉಬ್ಬಿತು. ಗುರುಗಳ ಕಡೆ ತಿರುಗಿದೆ.

"ಕೇಳಿದಿರಾ, ತಾಂಡೇಲರೇ? ಏನು ಹೇಳಲಿ ಅವರಿಗೆ?"

ಗುರುಗಳು ನಾರಿನ ಹಗ್ಗದ ಸುರುಳಿಯನ್ನು ನನ್ನ ಹೆಗಲಿಗೆ ಹಾಕಿದರು.

"ನಾಳೆ ಬೆಳಿಗ್ಗೆ ಸುಣ್ಣದ ಚಿಪ್ಪು ತುಂಬಿದ ದೋಣಿಗಳು ಎಳೆಸಿಕೊಳ್ಳಲು ಬರುತ್ತವೆ. ಹಗ್ಗ ನೆನೆಸಿಡು."