ಮೀಸೆ ತಾಗಿಸದ ಹತ್ತು ದಿನ

ಎದುರಾದವರ ಮೀಸೆಗೆ ಮೀಸೆ ತಾಗಿಸಿ ಕುಶಲ ಕೇಳದೆ ಮುಂದೆ ಹೋದರೆ ಇರುವೆಗಳಲ್ಲಿ ಅದು ದೊಡ್ಡ ಅವಮಾನ. ಅಂಥ ಒಂದು ಗೂಡಿಗೆ ಬಂದು ಹೋಗಿದ್ದ ಬೂಷ್ಟು ರೋಗ, ಬೇರೆ ಬಣ್ಣ ತಳೆದು ಮತ್ತೆ ಕಾಣಿಸಿಕೊಂಡಿತು. ರೋಗಿಗಳನ್ನು ಎಣಿಸುತ್ತಿದ್ದ ಅಜ್ಜಿ ಇರುವೆ, ದಳವಾಯಿ ಇರುವೆಯ ಮುಂದೆ ಮರಳಿನ ಕಾಳು ಜೋಡಿಸಿತು. ಮೊದಲು ಒಂದು, ಅದರ ಮುಂದೆ ನಾಲ್ಕು, ಅದರ ಮುಂದೆ ಹದಿನಾರು.

"ಹಳೆಯ ಬೂಷ್ಟು ಒಬ್ಬರಿಂದ ಇಬ್ಬರಿಗೆ ಹತ್ತುತ್ತಿತ್ತು. ಇದು ಮೀಸೆ ತಾಗಿಸಿದ ನಾಲ್ವರಿಗೆ ಹತ್ತುತ್ತಿದೆ. ಹೀಗೇ ಬಿಟ್ಟರೆ ಹತ್ತು ದಿನದಲ್ಲಿ ಅರ್ಧ ಗೂಡು ಮಲಗುತ್ತದೆ. ಈ ಹತ್ತು ದಿನ ಯಾರೂ ಮೀಸೆ ತಾಗಿಸಕೂಡದು."

"ನಾಲ್ಕು ಕಾಳು ಮರಳು ನೋಡಿ ಮರ್ಯಾದೆ ಬಿಡಬೇಕೇ?" ಎಂದು ದಳವಾಯಿ ಗುಡುಗಿತು.

ಅಜ್ಜಿ ಇನ್ನೂ ಅರವತ್ತನಾಲ್ಕು ಕಾಳು ಜೋಡಿಸಿತು. ಸಾಲು ಮರಿಗಳ ಕೋಣೆಯ ಬಾಗಿಲು ಮುಟ್ಟಿತು. ದಳವಾಯಿ ಆಜ್ಞೆ ಹೊರಡಿಸಿತು.

ಇರುವೆಗಳು ಅಜ್ಜಿಯನ್ನು ಬೈಯುತ್ತಲೇ ದೂರ ದೂರ ನಡೆದವು. ಅಜ್ಜಿಯೋ ದಿನಾ ರೋಗಿಗಳನ್ನು ಎಣಿಸುತ್ತ, ತನ್ನ ಲೆಕ್ಕ ನಿಜವಾಗದಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿತ್ತು.

ಹತ್ತು ದಿನ ಕಳೆದಾಗ ಮಲಗಿದ್ದವು ಒಂಬತ್ತೇ ಇರುವೆ, ಅವೂ ಚೇತರಿಸಿಕೊಳ್ಳುತ್ತಿದ್ದವು.

"ಅರ್ಧ ಗೂಡು ಎಂದಿದ್ದೆಯಲ್ಲ, ನಿನ್ನ ಲೆಕ್ಕ ಪೂರಾ ಸುಳ್ಳಾಯಿತು!" ಎಂದು ದಳವಾಯಿ ಎಲ್ಲರೆದುರು ಹಂಗಿಸಿತು.

"ಸುಳ್ಳಾಗಲಿ ಎಂದೇ ಅಲ್ಲವೇ ದಳವಾಯಿಗಳೇ, ಮೊದಲೇ ಹೇಳಿದ್ದು?"

ದಳವಾಯಿ ಅಜ್ಜಿಯನ್ನೇ ನೋಡಿತು. ಆಮೇಲೆ ಹತ್ತಿರ ಬಂದು ಮೀಸೆಗೆ ಮೀಸೆ ತಾಗಿಸಿ, "ಕುಶಲವೇ ಅಜ್ಜಿ?" ಎಂದು ಕೇಳಿತು.

"ಈಗ ಕುಶಲ," ಎಂದು ಅಜ್ಜಿ ಉಸಿರು ಬಿಟ್ಟು, ಮರಳಿನ ಕಾಳುಗಳನ್ನು ಒಂದೊಂದಾಗಿ ಹೊರಗೆ ಹೊತ್ತುಹಾಕತೊಡಗಿತು.