ಯಾರ ಹೆಸರು ದೊಡ್ಡದು?

ಕೊಟ್ರಪ್ಪನವರ ನಾಟಕ ಕಂಪನಿ ಗದಗಿನಲ್ಲಿ ಕ್ಯಾಂಪು ಹಾಕಿತ್ತು. ಆಟ ಶುರುವಾಗುವ ಮೊದಲೇ ನಾಯಕಿ ಅಂಬುಜಾಬಾಯಿ ಹಟ ಹಿಡಿದಳು.

"ಪೋಸ್ಟರಿನ್ಯಾಗ ನನ್ನ ಹೆಸರು ಎಲ್ಲಾರಕಿಂತ ದೊಡ್ಡದಿರಬೇಕು. ಇಲ್ಲಾಂದ್ರ ನಾ ಬಣ್ಣ ಹಚ್ಚಂಗಿಲ್ಲ."

ನಾಯಕ ರುದ್ರಮುನಿಯದೂ ಅದೇ ಮಾತು. ಇಬ್ಬರಲ್ಲಿ ಒಬ್ಬರು ಎದ್ದು ಹೋದರೂ ಕಂಪನಿ ಮುಚ್ಚಬೇಕು. ತಲೆ ಕೆಟ್ಟ ಕೊಟ್ರಪ್ಪನವರು ಪ್ರೆಸ್ಸಿಗೆ ಓಡಿ, ಅಚ್ಚಿನ ಮೊಳೆ ಜೋಡಿಸುವ ಹುಸೇನಬಿಯ ಮುಂದೆ ಎಲ್ಲ ಹೇಳಿಕೊಂಡರು.

"ಆಗ್ಲಿ, ಇಬ್ಬರದೂ ದೊಡ್ಡದು ಮಾಡೋಣ್ರಿ."

"ಅದ್ಹೆಂಗ ಆಗ್ತೈತಿ?"

ಹುಸೇನಬಿ ಎರಡು ಬಗೆಯ ಮರದ ಅಚ್ಚು ತೆಗೆದಳು. ಅಂಬುಜಾಬಾಯಿಯ ಹೆಸರಿಗೆ ದಪ್ಪನೆಯ, ಬಳುಕಿಲ್ಲದ, ಇಕ್ಕಟ್ಟಾದ ಅಕ್ಷರ. ತುಂಬಿದ ಬಸ್ಸಿನಲ್ಲಿ ನಿಂತವರಂತೆ ಅವು ಒಂದಕ್ಕೊಂದು ಒತ್ತಿಕೊಂಡು ಎತ್ತರಕ್ಕೆ ನಿಂತವು. ಪಕ್ಕದಲ್ಲೇ ರುದ್ರಮುನಿಯ ಹೆಸರಿಗೆ ಗಿಡ್ಡನೆಯ ಅಗಲ ಅಕ್ಷರ. ಅವು ಕಾಲು ಚಾಚಿ ಕೂತವು.

ಸಂಜೆ ಪೋಸ್ಟರು ಅಚ್ಚಾಗುವ ಹೊತ್ತಿಗೆ ಇಬ್ಬರೂ ಪ್ರೆಸ್ಸಿಗೇ ಬಂದರು. ಅಂಬುಜಾಬಾಯಿ ತನ್ನ ಹೆಸರನ್ನು ಮೇಲಿಂದ ಕೆಳಗೆ ಗೇಣು ಹಾಕಿ ಅಳೆದು ನಕ್ಕಳು. ರುದ್ರಮುನಿ ತನ್ನದನ್ನು ಅಡ್ಡಡ್ಡ ಅಳೆದು ಮೀಸೆ ತಿರುವಿದ. ಇಬ್ಬರೂ ಗೆದ್ದ ಖುಷಿಯಲ್ಲಿ ಬಣ್ಣ ಹಚ್ಚಲು ಹೋದರು.

ಕೊಟ್ರಪ್ಪನವರಿಗೆ ಮಾತ್ರ ಏನೂ ತಿಳಿಯಲಿಲ್ಲ. ದೂರ ನಿಂತರೆ ಆಕೆಯದು ದೊಡ್ಡದೆನಿಸಿತು, ಹತ್ತಿರ ಬಂದರೆ ಅವನದು. ಕನ್ನಡಕ ಒರೆಸಿಕೊಂಡು ನೋಡಿದರು. ಆಗಲೂ ಅಷ್ಟೇ.

"ಖರೇ ಹೇಳು ಹುಸೇನಬಿ, ಯಾರ ಹೆಸರು ದೊಡ್ಡದೈತಿ?"

"ಬಂದು ಕೇಳಿದವರದ್ರಿ, ಮಾಲಕರ."

ಕೊಟ್ರಪ್ಪನವರು ಹೌದೆಂದು ತಲೆಯಾಡಿಸಿದರು. ಆಮೇಲೆ, ಈಗ ಕೇಳಿದವರು ತಾವೇ ಎಂದು ಹೊಳೆಯಿತು. ಮೆಲ್ಲಗೆ ಬಗ್ಗಿ, ಪೋಸ್ಟರಿನ ತಳದಲ್ಲಿದ್ದ ತಮ್ಮ ಹೆಸರಿಗೆ ಗೇಣು ಹಾಕತೊಡಗಿದರು.