ಅಂಬಲಿಯ ಹುಟ್ಟು

“ಗುರುಗಳೇ, ಜನ್ಮಕ್ಕೂ ಹುಟ್ಟು ಎನ್ನುತ್ತೇವೆ, ದೋಣಿ ನಡೆಸುವ ಕೋಲಿಗೂ ಹುಟ್ಟು ಎನ್ನುತ್ತೇವೆ. ಅಡುಗೆಮನೆಯಲ್ಲಿ ಅಂಬಲಿ ಕಲಕಿ ಬಡಿಸುವ ಮರದ ಸೌಟಿಗೂ ಅದೇ ಹೆಸರು. ಒಂದು ಮಾತಿಗೆ ಇಷ್ಟು ಅರ್ಥಗಳಿದ್ದರೆ ಯಾವುದನ್ನು ನಂಬಬೇಕು?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಹೊಳೆಯ ನಡುಗಡ್ಡೆಯಲ್ಲಿ ಒಬ್ಬ ಅಂಬಿಗನಿದ್ದ. ಅಲ್ಲಿ ಇದ್ದದ್ದು ಅವನದೊಂದೇ ಜೊಂಡಿನ ಗುಡಿಸಲು. ಮದುವೆಯಾಗಿ ಬಹಳ ಕಾಲದ ಮೇಲೆ ಹೆಂಡತಿ ಬಸುರಾಗಿದ್ದಳು. ದಿನ ತುಂಬುವ ಮೊದಲು ಆಚೆ ದಡದ ಊರಿಗೆ ಹೋಗಿ ಇರೋಣವೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಅಷ್ಟರಲ್ಲಿ ಹೊಳೆ ಏರಿತು. ದೋಣಿಯನ್ನು ಮೇಲಕ್ಕೆಳೆದು ಕಟ್ಟುವ ಗಡಿಬಿಡಿಯಲ್ಲಿ ಅದರ ಹುಟ್ಟು ನೀರುಪಾಲಾಯಿತು. ಹೊಸದನ್ನು ಕೆತ್ತಲು ನಡುಗಡ್ಡೆಯಲ್ಲಿ ಮರವಿರಲಿಲ್ಲ.

ಮರುದಿನ ಬೆಳಿಗ್ಗೆ ಹೆಂಡತಿಗೆ ನೋವು ಶುರುವಾಯಿತು. ಮಧ್ಯಾಹ್ನವಾದರೂ ಹೆರಿಗೆಯಾಗಲಿಲ್ಲ. ಸೂಲಗಿತ್ತಿ ಇದ್ದದ್ದು ಆಚೆ ದಡದಲ್ಲಿ. ಅಂಬಿಗ ಕೂಗಿ ನೋಡಿದ. ನೀರಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಹೆಂಡತಿ ಒಲೆಯ ಕಡೆ ಕೈ ತೋರಿಸಿದಳು.

“ಅದೂ ಹುಟ್ಟೇ ತಾನೆ. ತೆಗೆದುಕೊಂಡು ಹೋಗಿ.”

ಅಂಗೈಯಗಲದ ಆ ಅಂಬಲಿಯ ಸೌಟಿನಿಂದ ಹೊಳೆ ದಾಟಲಾಗದೆಂದು ಅಂಬಿಗನಿಗೆ ಗೊತ್ತಿತ್ತು. ಆದರೆ ಅವಳ ನರಳಾಟ ಕೇಳುತ್ತ ಸುಮ್ಮನೆ ಕೂರಲು ಅವನಿಂದ ಆಗಲಿಲ್ಲ. ಅದನ್ನೇ ಹಿಡಿದು ದೋಣಿಯನ್ನು ನೀರಿಗಿಳಿಸಿದ.

ಹೊಳೆ ದೋಣಿಯನ್ನು ಬಹುದೂರ ಎಳೆದೊಯ್ದಿತು. ಕೈಯ ಚರ್ಮ ಸುಲಿಯುವವರೆಗೂ ಅವನು ನೀರು ತಳ್ಳಿದ. ಕೊನೆಗೆ ಯಾವುದೋ ತಿರುವಿನಲ್ಲಿ ದೋಣಿ ತಾನಾಗಿ ದಡಕ್ಕೆ ತಾಗಿತು. ಅಲ್ಲಿಂದ ಊರಿನವರೆಗೆ ಓಡಿದ. ಊರವರು ಬೇರೆ ದೋಣಿ ಹೊಂದಿಸಿ ಅವನನ್ನೂ ಸೂಲಗಿತ್ತಿಯನ್ನೂ ನಡುಗಡ್ಡೆಗೆ ಮುಟ್ಟಿಸುವಾಗ ಹೊತ್ತು ಮುಳುಗುತ್ತಿತ್ತು.

ಮಗು ಹುಟ್ಟಿತ್ತು. ತಾಯಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, ನೆತ್ತರು ಸುರಿಯುತ್ತಿದ್ದಂತೆಯೇ ಬಾಗಿಲವರೆಗೆ ತೆವಳಿ ಬಂದಿದ್ದಳು. ಇಬ್ಬರಲ್ಲೂ ಉಸಿರಿರಲಿಲ್ಲ.

ಸೂಲಗಿತ್ತಿ ಮಗುವನ್ನು ತಿರುಗಿಸಿ ನೋಡಿದಳು. “ಹೆರಿಗೆ ಸರಿಯಾಗಿಯೇ ಆಗಿದೆಯಲ್ಲಪ್ಪಾ. ಎತ್ತಿ ಬೆಚ್ಚಗಿಟ್ಟುಕೊಳ್ಳಲು ಒಬ್ಬರಿದ್ದಿದ್ದರೆ ಕೂಸಾದರೂ ಉಳಿಯುತ್ತಿತ್ತು. ಇವಳ ಹತ್ತಿರ ಯಾರನ್ನು ಬಿಟ್ಟು ಬಂದಿದ್ದೆ?”

ಅಂಬಿಗ ಹೊಸ್ತಿಲಲ್ಲೇ ಕುಳಿತು ಕೂಸನ್ನು ಎತ್ತಿಕೊಂಡ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ: “ಹಾಗಾದರೆ ಅವನು ಹೋಗಬೇಕಿತ್ತೇ, ಅಲ್ಲೇ ಇರಬೇಕಿತ್ತೇ?”

“ಇದನ್ನು ಕೇಳಲೆಂದೇ ಅವನು ನನ್ನ ಬಳಿಗೆ ಬಂದಿದ್ದ,” ಎಂದರು ಗುರುಗಳು, “ಉತ್ತರ ಸಿಗದೆ ಹೋದ.”